ಸ್ವಂತ ಉದ್ಯೋಗವೂ ಸ್ವಂತ ಕೌಶಲ್ಯವೂ



ಶಾಲೆಯನ್ನು ಬಿಟ್ಟ ತರುವಾಯ ಮನೆಯಲ್ಲಿದ್ದುಕೊಂಡೇ ಒಂಟಿಯಾಗಿ ಉದ್ಯೋಗ ನಡೆಯಿಸುವ ಹೆಣ್ಣುಮಕ್ಕಳು ನಮ್ಮ ಊರಲ್ಲಿ ಅನೇಕರಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥ ಉದ್ಯೋಗಗಳು ಸೊರಗುವದು ಹಲವು ವೇಳೆ ಗಿರಾಕಿಗಳ ಕೊರತೆಯಿಂದಲ್ಲ, ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುವ ದಾಕ್ಷಿಣ್ಯದಿಂದ ಎಂಬದು ನನ್ನ ಅಭಿಪ್ರಾಯವು.

ಕಮರಿಪೇಟೆಯ ಓಣಿಯೊಂದರಲ್ಲಿ ಕಸೂತಿ ಹಾಕಿ ಬದುಕುವ ಒಬ್ಬ ತಂಗಿಯನ್ನು ಕಲ್ಪಿಸಿಕೊಳ್ಳಿರಿ. ನೆರೆಯವರು ಕುಬಸ ಹೊಲಿದುಕೊಡೆನ್ನುವರು. ಬೇರೊಬ್ಬರು ಸೀರೆಗೆ ಫಾಲ್ ಹಚ್ಚಿಕೊಡೆನ್ನುವರು. ಹಬ್ಬ ಬಂದರೆ ಚಕ್ಕುಲಿ ಮಾಡಿ ಮಾರಬಾರದೇ ಎನ್ನುವರು. ಒಂದೊಂದೂ ಸಣ್ಣ ಕೆಲಸವೇ. ಆದರೆ ಕಸೂತಿಯ ಸ್ವರೂಪವನ್ನು ನೋಡಿರಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರವನ್ನೂ ತೇರನ್ನೂ ಮೂಡಿಸಬೇಕು. ಗವಂತಿಯಲ್ಲಿ ಸೂಜಿಯು ಒಂದು ಹೊಲಿಗೆಯಷ್ಟು ಎಡೆ ಬಿಡುತ್ತ ಮುಂದೆ ಹೋಗಿ, ಆ ಎಡೆಗಳನ್ನು ತುಂಬುತ್ತ ಹಿಂದಿರುಗುವದು. ಹೋಗುವಾಗ ಒಂದೆಳೆ ತಪ್ಪಿದರೆ ಬರುವಾಗ ಚಿತ್ರವು ಕೂಡದು, ಬಿಚ್ಚಬೇಕು. ಎಣಿಕೆಯ ನಡುವೆ ನಾಲ್ಕು ಸಲ ಎದ್ದವಳಿಗೆ ಎದ್ದ ಹೊತ್ತಷ್ಟೇ ಅಲ್ಲ, ಕೂತ ಹೊತ್ತೂ ನಷ್ಟವಾಗುವದು.

ದೊಡ್ಡವರ ಅನುಭವವೂ ಇದನ್ನೇ ಹೇಳುವದು. 1959ರಲ್ಲಿ ಮುಂಬಯಿಯ ಏಳು ಮಂದಿ ಸ್ತ್ರೀಯರು 80 ರೂಪಾಯಿ ಸಾಲ ತೆಗೆದು ಹಪ್ಪಳ ಮಾಡತೊಡಗಿದರು; ಅದೇ ಇಂದಿನ ಲಿಜ್ಜತ್ ಸಂಸ್ಥೆ. ಮುಂದೆ ಬೆಂಕಿಕಡ್ಡಿ, ಊದುಬತ್ತಿಗಳನ್ನೂ ಮಾಡಿ ನೋಡಿ, ಸಾಗದೆ ಕೈಬಿಟ್ಟರು, ಮನೆಮಾತಾದದ್ದು ಹಪ್ಪಳವೇ. ನಮ್ಮ ಧಾರವಾಡದಲ್ಲಿ ಠಾಕೂರ ಮನೆತನದವರು ಪ್ಲೇಗಿನ ಕಾಲಕ್ಕೆ ಉತ್ತರದ ಉನ್ನಾವದಿಂದ ಬಂದು ಪೇಡೆಯಿಂದಲೇ ಹೆಸರಾದರು. ಅನೇಕ ಕೈಗಳುಳ್ಳ ಸಂಸ್ಥೆಯೇ ಕೆಲವನ್ನು ಬಿಡಬೇಕಾದಲ್ಲಿ, ಎರಡೇ ಕೈಗಳವಳು ಎಲ್ಲವನ್ನೂ ಹಿಡಿಯುವದೆಂತು?

"ಒಂದನ್ನೇ ನಂಬಿದರೆ, ಅದು ನಡೆಯದ ತಿಂಗಳಲ್ಲಿ ಒಲೆ ಹೊತ್ತುವದು ಹೇಗೆ?" ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯು. ಕಸೂತಿಯ ಇಳಕಲ್ ಸೀರೆ ಕೊಳ್ಳುವವರು ಕೆಲವರೇ. ಆದರೆ ಅದೇ ಹೊಲಿಗೆಯನ್ನು ಕುಬಸದ ತೋಳಿಗೂ ಕೈಚೀಲಕ್ಕೂ ಮೇಜಿನ ಹಾಸಿಗೂ ಹಾಕಬಹುದು, ಓಣಿಯ ಹುಡುಗಿಯರಿಗೆ ಕಲಿಸಿ ಶುಲ್ಕ ಪಡೆಯಬಹುದು. ವಸ್ತುಗಳು ಹಲವಾಗಲಿ, ಕೈಗುಣ ಒಂದಿರಲಿ. ಕಷ್ಟದ ತಿಂಗಳಲ್ಲಿ ಬೇರೆ ಕೆಲಸ ಹಿಡಿಯುವದು ತಪ್ಪಲ್ಲ. ಅದನ್ನೇ ರೂಢಿ ಮಾಡಿಕೊಳ್ಳುವದು ತಪ್ಪು. ಉಳಿದಂತೆ, ಕುಬಸ ಹೊಲಿಸುವವರನ್ನು ನೆರೆಯ ಹೊಲಿಗೆಯವಳ ಕಡೆಗೆ ಕಳಿಸಿರಿ. ಕಸೂತಿ ಕೇಳಿದವರನ್ನು ಅವಳೂ ನಿಮ್ಮ ಕಡೆಗೆ ಕಳಿಸುವಳು.

ಕೊನೆಗೆ ಪಾಲಕರಲ್ಲಿ ಒಂದು ಬಿನ್ನಹ. "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಎಂದು ಹೆಣ್ಣುಮಗಳನ್ನು ಗಳಿಗೆಗೊಮ್ಮೆ ಕರೆಯಬೇಡಿರಿ. ಆ ಹೊತ್ತೇ ಅವಳ ಬಂಡವಾಳವು.