ಮೂರ್ಖರ ಪೆಟ್ಟಿಗೆ ಯಾರದು?

ಕಳೆದ ತಿಂಗಳು ನಮ್ಮ ಭಾವನವರು ಊರಿನಿಂದ ಬಂದಿದ್ದರು. ಸಂಜೆ ಏಳು ಗಂಟೆ. ನಾನು ಸೊಪ್ಪು ಸೋಸುತ್ತಾ ಧಾರಾವಾಹಿ ನೋಡುತ್ತಿದ್ದೆ. "ಏನಮ್ಮಾ, ಮೂರ್ಖರ ಪೆಟ್ಟಿಗೆ ಮುಂದೆ ಕೂತುಬಿಟ್ಟೆಯಾ?" ಎಂದು ನಕ್ಕರು. "ಇಲ್ಲ ಭಾವ, ಸುಮ್ಮನೆ ಹಾಕಿಟ್ಟಿದ್ದೆ" ಎಂದು ಸುಳ್ಳು ಹೇಳಿ ನಾನೂ ನಕ್ಕು ಆರಿಸಿದೆ. ಏಳೂವರೆಗೆ ಅದೇ ಪೆಟ್ಟಿಗೆಯಲ್ಲಿ ಕ್ರಿಕೆಟ್ ಶುರುವಾಯಿತು. ರಿಮೋಟ್ ಹಿಡಿದು ದಿಂಬಿಗೆ ಒರಗಿದ ಭಾವನವರು ಹನ್ನೊಂದರ ತನಕ ಏಳಲಿಲ್ಲ. ಊಟದ ತಟ್ಟೆಯೂ ಅಲ್ಲಿಗೇ ಹೋಯಿತು. ಆ ಮೂರೂವರೆ ಗಂಟೆಯಲ್ಲಿ ಒಂದು ಗಳಿಗೆಯೂ ಅದು ಮೂರ್ಖರ ಪೆಟ್ಟಿಗೆ ಆಗಲಿಲ್ಲ!

ಈ ಹೆಸರು ಹುಟ್ಟಿದ್ದು ನಮ್ಮಲ್ಲಲ್ಲ. 1950ರ ದಶಕದಲ್ಲಿ ಅಮೆರಿಕದ ಮನೆಮನೆಗೆ ಟಿ.ವಿ. ಬಂದಾಗ ಅಲ್ಲಿಯವರು ಇಟ್ಟ ಅಡ್ಡಹೆಸರು 'ಈಡಿಯಟ್ ಬಾಕ್ಸ್'. ಆಮೇಲೆ 'ಬೂಬ್ ಟ್ಯೂಬ್' ಎಂದೂ ಕರೆದರು. ಬೂಬ್ ಎಂದರೂ ದಡ್ಡನೇ. ಇಂಗ್ಲೆಂಡಿನವರು ಮುದ್ದಾಗಿ 'ಟೆಲ್ಲಿ' ಎಂದರು. ನಮ್ಮವರಿಗೆ ಮುದ್ದಿನ ಹೆಸರು ಹಿಡಿಸಲಿಲ್ಲ, ಬೈಗುಳವೇ ಹಿಡಿಸಿತು. ಅದರಲ್ಲೂ ಒಂದು ಚಮತ್ಕಾರ ನೋಡಿ. ಇಂಗ್ಲಿಷಿನ ಹೆಸರಿನಲ್ಲಿ ದಡ್ಡತನ ಪೆಟ್ಟಿಗೆಯದೋ ನೋಡುವವರದೋ ಎಂಬ ಅನುಮಾನಕ್ಕೆ ಜಾಗವಿದೆ. ಕನ್ನಡದಲ್ಲಿ ಬಳಕೆಗೆ ನಿಂತದ್ದು 'ಮೂರ್ಖರ ಪೆಟ್ಟಿಗೆ'. ಒಂದು 'ರ'ಕಾರ ಸೇರಿತು, ತಪ್ಪೆಲ್ಲ ಮುಂದೆ ಕುಳಿತವರ ತಲೆಗೆ ಬಂತು. ಮನೆಯಲ್ಲಿ ಮುಂದೆ ಕುಳಿತವರು ಯಾರು ಎಂದು ಬಿಡಿಸಿ ಹೇಳಬೇಕೆ?

ಆದರೆ ಸ್ಟುಡಿಯೋದೊಳಗಿನ ಕಥೆಯೇ ಬೇರೆ. ಮಾತು ಮರೆಯುವ ಕಲಾವಿದರಿಗಾಗಿ ಕ್ಯಾಮೆರಾ ಪಕ್ಕದಲ್ಲಿ ಬರೆದು ಹಿಡಿಯುವ ಹಲಗೆಗೆ 'ಈಡಿಯಟ್ ಬೋರ್ಡ್' ಎಂಬ ಹೆಸರಿತ್ತು. ಅಲ್ಲಿ ಈಡಿಯಟ್ ಪೆಟ್ಟಿಗೆಯ ಒಳಗಿದ್ದ! 1961ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷ ನ್ಯೂಟನ್ ಮಿನೋ, ಟಿ.ವಿ. ಎಂಬುದು ವಿಶಾಲವಾದ ಬಂಜರು ಎಂದು ಹಳಿದರು. ಯಾರೆದುರು? ಟಿ.ವಿ. ನಡೆಸುವವರ ಸಭೆಯಲ್ಲೇ ನಿಂತು, ಅವರ ಮುಖಕ್ಕೇ ಹೇಳಿದರು. ಬೈಯುವುದಾದರೆ ಹಾಗೆ ಬೈಯಬೇಕು. ನಮ್ಮಲ್ಲೋ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

'ಈಡಿಯಟ್' ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದು ಮೊದಲು ದಡ್ಡನ ಹೆಸರಾಗಿರಲಿಲ್ಲ. ಊರಿನ ಸಾರ್ವಜನಿಕ ವ್ಯವಹಾರದಲ್ಲಿ ಪಾಲಿಲ್ಲದೆ ತನ್ನ ಪಾಡಿಗೆ ತಾನಿರುವವನ ಹೆಸರಾಗಿತ್ತು. ಆ ಲೆಕ್ಕದಲ್ಲಿ ನಮ್ಮನ್ನು ಈಡಿಯಟ್ ಮಾಡಿದ್ದು ಪೆಟ್ಟಿಗೆಯಲ್ಲ, ಹೊಸ್ತಿಲು. ಪೆಟ್ಟಿಗೆ ಹೊಸ್ತಿಲಾಚೆಯದನ್ನು ಒಳಗೆ ತಂದಿತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಮಕ್ಕಳ ಪಾಠ ಟಿ.ವಿ.ಯಲ್ಲಿ ಬಂದವು, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. 1985ರಲ್ಲಿ ದೂರದರ್ಶನದ 'ರಜನಿ' ಬಂದಳು. ಅನ್ಯಾಯ ಕಂಡಲ್ಲಿ ಸುಮ್ಮನಿರದೆ ಪ್ರಶ್ನೆ ಕೇಳುವ ಗೃಹಿಣಿ. ಆ ಪಾತ್ರ ಮಾಡಿದ ಪ್ರಿಯಾ ತೆಂಡೂಲ್ಕರ್ ಮನೆಮಾತಾದರು.

ಧಾರಾವಾಹಿಗಳ ಮಾತಿಗೇ ಬರೋಣ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ಭಾರತದ ಹಳ್ಳಿಗಳಿಂದ ಕಲೆಹಾಕಿದ ಮಾಹಿತಿಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಹಳ್ಳಿಗಳಲ್ಲಿ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾಗಿದ್ದರು. ಗಂಡು ಮಗುವೇ ಬೇಕೆಂಬ ಹಟ ಇಳಿದಿತ್ತು. ಮನೆಯ ತೀರ್ಮಾನಗಳಲ್ಲಿ ಅವರ ಮಾತಿಗೆ ಬೆಲೆ ಏರಿತ್ತು. ಯಾವ ಭಾಷಣವೂ ಅಲ್ಲ, ಪಟ್ಟಣದ ಹೆಂಗಸರ ಬದುಕು ತೋರಿಸುವ ಅದೇ ಧಾರಾವಾಹಿಗಳು ಅಲ್ಲಿ ಹೆಚ್ಚಾಗಿ ಓಡುತ್ತಿದ್ದುದು! ಮೂರ್ಖರು ಪಾಠ ಕಲಿತರೇ?

ಹಾಗೆಂದು ಧಾರಾವಾಹಿಗಳೆಲ್ಲ ಚಿನ್ನ ಎನ್ನುತ್ತಿಲ್ಲ. ಜರಿ ಸೀರೆಯಲ್ಲೇ ಮಲಗಿ ಏಳುವ ಅತ್ತೆ, ಹಾಲಿಗೆ ವಿಷ ಬೆರೆಸುವ ನಾದಿನಿ, ವರ್ಷಗಟ್ಟಲೆ ಅಳುವ ಸೊಸೆ: ನನಗೂ ಸಾಕಾಗಿದೆ. ಇದನ್ನು ನಾವು ಕೇಳಿರಲಿಲ್ಲ. ನಮ್ಮ ಕಣ್ಣುಗಳನ್ನು ಎಣಿಸಿ ಜಾಹೀರಾತಿನವರಿಗೆ ಮಾರುವವರು, ನಮ್ಮ ಬುದ್ಧಿಯನ್ನು ಇಷ್ಟೇ ಎಂದು ಅಳೆದು ಬಡಿಸಿದರು. ಬೈಗುಳ ಸಲ್ಲಬೇಕಾದ್ದು ಅವರಿಗೆ. ನಾವೂ ಸುಮ್ಮನಿರದೆ, ಇದು ಬೇಡ ಎಂದು ಚಾನೆಲ್‌ನವರಿಗೆ ಬರೆಯಬೇಕು, ಬೇಡದ್ದನ್ನು ನಾವಾಗಿ ಆರಿಸಬೇಕು. ಇನ್ನೊಬ್ಬರು ನಕ್ಕರೆಂದು ಆರಿಸುವುದಲ್ಲ.

ಇನ್ನೊಂದು ಮಾತು. ಈಗ ಪೆಟ್ಟಿಗೆ ಅಂಗೈಗೆ ಬಂದಿದೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಊಟದ ಎಲೆಯ ಮುಂದೆ ಗಂಡಸರೂ ತಲೆ ತಗ್ಗಿಸಿ ಅದನ್ನೇ ಉಜ್ಜುತ್ತಿದ್ದಾರೆ. ಅದಕ್ಕೆ ಮಾತ್ರ 'ಸ್ಮಾರ್ಟ್' ಫೋನ್ ಎಂದು ಹೆಸರು. ಹೆಂಗಸರ ಕೈಯಲ್ಲಿದ್ದಾಗ ಮೂರ್ಖ, ಗಂಡಸರ ಕೈಗೆ ಬಂದಾಗ ಜಾಣ!

ದಿನವಿಡೀ ದುಡಿದವಳು ಅರ್ಧ ಗಂಟೆ ಕಾಲು ಚಾಚಿ ಕುಳಿತರೆ ಅದಕ್ಕೊಂದು ಅವಮಾನದ ಹೆಸರು ಏಕೆ ಬೇಕು? ಆ ಹೆಸರು ಕೇಳಿ ಕೇಳಿ ನಾವೇ ನಂಬಿದ್ದೇವೆ, ಕದ್ದು ತಿಂದವರ ಹಾಗೆ ಸುಳ್ಳು ಹೇಳುತ್ತೇವೆ. ಅದೇ ನನಗೆ ನೋವು. ಭಾವನವರು ದೀಪಾವಳಿಗೆ ಮತ್ತೆ ಬರುತ್ತಾರೆ. ಈ ಸಲ ನಾನು ನಗುವುದಿಲ್ಲ, ಆರಿಸುವುದೂ ಇಲ್ಲ. "ಬನ್ನಿ ಭಾವ, ಕೂತುಕೊಳ್ಳಿ. ಇನ್ನೂ ಅರ್ಧ ಗಂಟೆ ಇದೆ. ಸ್ವಲ್ಪ ಸೊಪ್ಪು ಸೋಸಿಕೊಡಿ" ಎನ್ನುತ್ತೇನೆ.