ಪ್ರತಿಕಾಯದ ಸಾಕ್ಷಿಯನ್ನು ನಂಬಬಹುದೇ?

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಡಿಸೆಂಬರ್ ಕಳೆಯಿತೆಂದರೆ ಜ್ವರದ ಬಗ್ಗೆ ಒಂದು ಅಳುಕು ಇದ್ದದ್ದೇ. ಅಡಿಕೆ ತೋಟಕ್ಕೆ ದರಕು ತರಲು, ಒಲೆಗೆ ಕಟ್ಟಿಗೆ ತರಲು ಕಾಡಿಗೆ ಹೋಗಿಬಂದವರ ಮೈ ಬಿಸಿಯಾದರೆ ಮನೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಘಟ್ಟ ಇಳಿದು ಕರಾವಳಿಯ ತಾಲೂಕುಗಳನ್ನೂ ಅದು ಮುಟ್ಟಿದೆ.

ಜ್ವರ, ತಲೆನೋವು, ಮೈಕೈ ನೋವು ಹತ್ತಾರು ಕಾಯಿಲೆಗಳಲ್ಲಿ ಉಂಟು. ಬಂದಿರುವುದು ಮಂಗನ ಕಾಯಿಲೆಯೋ ಡೆಂಗಿಯೋ ಎಂದು ಹೇಳುವವರು ಯಾರು? ರೋಗಿಯ ರಕ್ತದಲ್ಲೇ ಒಬ್ಬ ಸಾಕ್ಷಿ ಇದ್ದಾನೆ. ಅವನ ಹೆಸರು ಪ್ರತಿಕಾಯ.

ಪ್ರತಿಕಾಯವೆಂದರೆ ಒಂದು ಬಗೆಯ ಪ್ರೋಟೀನು. ಅದರ ಆಕಾರ ಕವಣೆಯ ಕವಲು ಕೋಲಿನಂತೆ. ಕವಲಿನ ಎರಡು ತುದಿಗಳು ಹಿಡಿಯುವ ಕೈಗಳು. ಬೀಗಕ್ಕೆ ತಕ್ಕ ಕೀಲಿಕೈಯಂತೆ ಈ ತುದಿ ಒಂದು ನಿರ್ದಿಷ್ಟ ವಸ್ತುವಿನ ಒಂದು ಪುಟ್ಟ ಭಾಗಕ್ಕೆ ಮಾತ್ರ ಹೊಂದಿಕೊಳ್ಳುತ್ತದೆ. ವೈರಸ್ ದೇಹವನ್ನು ಹೊಕ್ಕಾಗ ಅದಕ್ಕೆ ಹೊಂದುವ ಪ್ರತಿಕಾಯಗಳು ರಕ್ತದಲ್ಲಿ ತಯಾರಾಗುತ್ತವೆ. ಮೊದಲು ಬರುವ ತಂಡಕ್ಕೆ ಐಜಿಎಂ ಎಂದು ಹೆಸರು.

ಇವನ್ನು ಹುಡುಕುವ ಎಲೈಸಾ ಪರೀಕ್ಷೆಯ ಉಪಾಯ ಸೊಗಸಾದುದು. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಿಗೆ ಮೊದಲೇ ಐಜಿಎಂ ಹಿಡಿಯುವ ಪ್ರತಿಕಾಯವನ್ನು ಅಂಟಿಸಿರುತ್ತಾರೆ. ರೋಗಿಯ ರಕ್ತರಸ ಹಾಕಿದಾಗ ಅದರಲ್ಲಿರುವ ಐಜಿಎಂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಳಿಕ ನಿರ್ಜೀವಗೊಳಿಸಿದ ಮಂಗನ ಕಾಯಿಲೆಯ ವೈರಸ್ಸಿನ ಅಂಶ ಸುರಿಯುತ್ತಾರೆ. ಪರಿಚಯವಿದ್ದರೆ ಐಜಿಎಂ ಅದನ್ನು ಹಿಡಿಯುತ್ತದೆ. ಕೊನೆಗೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಬಂದು ವೈರಸ್ಸಿಗೆ ಅಂಟಿ, ಗುಳಿಯಲ್ಲಿ ಬಣ್ಣ ಬರಿಸುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ವಿಧಾನ ಈ ಬಗೆಯದು.

ಮಂಗನ ಕಾಯಿಲೆ ಕೆಲವರಲ್ಲಿ ರಕ್ತಕ್ಕೆ ನಿಲ್ಲುವುದಿಲ್ಲ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಮೂರನೆಯ ವಾರದ ಹೊತ್ತಿಗೆ ಜ್ವರ ಮರಳಿ ಬಂದು ತೀವ್ರ ತಲೆನೋವು, ನಡುಕ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳುತ್ತದೆ. ಅಂದರೆ ನರಮಂಡಲಕ್ಕೂ ತೊಂದರೆ ತಟ್ಟಿತೆಂದು ಅರ್ಥ. ಆದರೆ ಆರೋಗ್ಯವಂತ ಮಿದುಳಿನೊಳಗೆ ನಡೆಯುವುದೇನು? ಅದನ್ನು ತಿಳಿಯಲು ಹೊರಟ ವಿಜ್ಞಾನಿಗಳೂ ಹಿಡಿದಿರುವುದು ಇದೇ ಪ್ರತಿಕಾಯದ ಕೈಯನ್ನೇ.

ಮಗುವೊಂದು ಮಗ್ಗಿ ಬಾಯಿಪಾಠ ಮಾಡುವಾಗ ನರಕೋಶದಿಂದ ನರಕೋಶಕ್ಕೆ ಸುದ್ದಿ ಹೋಗುತ್ತದೆ. ಸುದ್ದಿ ತಲುಪಿದ ಕೋಶದೊಳಗೆ ಅದನ್ನು ಮುಂದಕ್ಕೆ ಸಾಗಿಸುವವು ಸಂಕೇತವಾಹಕ ಪ್ರೋಟೀನುಗಳು. ಅನೇಕ ವೇಳೆ ಇವು ಕೆಲಸಕ್ಕೆ ತೊಡಗುವುದು ಮೈಗೆ ಫಾಸ್ಫೇಟಿನ ಒಂದು ತುಣುಕು ಅಂಟಿದಾಗ. ಕಾಗದಕ್ಕೆ ಅಂಚೆಯ ಮುದ್ರೆ ಬಿದ್ದ ಹಾಗೆ. ಈ ಕ್ರಿಯೆಯನ್ನು ನರಕೋಶಗಳಲ್ಲಿ ಬಿಡಿಸಿ ತೋರಿಸಿದ ಪಾಲ್ ಗ್ರೀನ್‌ಗಾರ್ಡ್ 2000ದಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕ್ರೆಬ್ ಎಂಬ ಪ್ರೋಟೀನಿಗೆ ಹೀಗೆ ಮುದ್ರೆ ಬಿದ್ದರೆ, ನೆನಪು ಬಹುಕಾಲ ಉಳಿಯಲು ಬೇಕಾದ ಜೀನುಗಳು ಎಚ್ಚರಗೊಳ್ಳುತ್ತವೆ.

ಮುದ್ರೆ ಬಿದ್ದ ಕ್ರೆಬ್ಬನ್ನು ಮಾತ್ರ ಹಿಡಿದು, ಬೀಳದ್ದನ್ನು ಬಿಟ್ಟುಬಿಡುವ ಪ್ರತಿಕಾಯಗಳಿವೆ. ಪಾಠ ಕಲಿತ ಇಲಿಯ ಮಿದುಳನ್ನು ತೆಳುವಾಗಿ ಸೀಳಿ, ಆ ಪ್ರತಿಕಾಯ ಹಚ್ಚಿ, ತೊಳೆದು, ಹೊಳೆಯುವ ಬಣ್ಣ ಹೊತ್ತ ಇನ್ನೊಂದು ಪ್ರತಿಕಾಯ ಸೇರಿಸಿದರೆ ಸೂಕ್ಷ್ಮದರ್ಶಕದಡಿ ಕೆಲವು ನರಕೋಶಗಳು ಬೆಳಗುತ್ತವೆ. ಮನುಷ್ಯರ ಮಿದುಳನ್ನೂ ಹೀಗೆ ನೋಡುವುದುಂಟು. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಭಂಡಾರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾಯಿತು. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಅತಿಯಾಗಿ ಫಾಸ್ಫೇಟ್ ಅಂಟಿಕೊಂಡ ಟೌ ಪ್ರೋಟೀನಿನ ಗಂಟುಗಳನ್ನು ತೋರಿಸಿಕೊಡುವುದೂ ಪ್ರತಿಕಾಯಗಳೇ.

ಆದರೆ ಬೆಳಗಿದ್ದೆಲ್ಲ ನಿಜವೇ? ಇಲ್ಲಿಯೇ ಎಚ್ಚರ ಬೇಕು. ಮಂಗನ ಕಾಯಿಲೆಯ ವೈರಸ್ಸೂ ಡೆಂಗಿ ವೈರಸ್ಸೂ ಒಂದೇ ಬಳಗದವು. ಅಣ್ಣನ ಬದಲು ತಮ್ಮನನ್ನು ಹಿಡಿದಂತೆ ಪ್ರತಿಕಾಯ ಎಡವಬಹುದು. ಆದ್ದರಿಂದ ಎಲೈಸಾ ತಟ್ಟೆಯಲ್ಲಿ ರೋಗ ಖಚಿತವಾಗಿದ್ದ ರಕ್ತರಸ ಒಂದು ಗುಳಿಗೆ, ರೋಗವಿಲ್ಲದ್ದು ಇನ್ನೊಂದಕ್ಕೆ ಬೀಳಲೇಬೇಕು. ಮಿದುಳಿನ ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ, ಆ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಯನ್ನು ಬಳಸುತ್ತಾರೆ. ಅದರ ಮಿದುಳೂ ಬೆಳಗಿದರೆ ಸಾಕ್ಷಿ ಸುಳ್ಳು ಹೇಳಿತೆಂದೇ ತಿಳಿಯಬೇಕು. ಕೊಂಡು ತಂದ ಪ್ರತಿಕಾಯವನ್ನು ಹೀಗೆ ಪರೀಕ್ಷಿಸದೆ ನಂಬಿ ವರ್ಷಗಟ್ಟಲೆ ದುಡಿಮೆ ಹಾಳಾದ ಸಂಶೋಧಕರಿದ್ದಾರೆ. 2016ರಲ್ಲಿ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಪ್ರತಿಕಾಯಗಳನ್ನು ಒರೆಗೆ ಹಚ್ಚಲು ಐದು ಬಗೆಯ ದಾರಿಗಳನ್ನು ಸೂಚಿಸಿದ್ದು ಇಂಥ ಪೇಚಾಟಗಳ ನಂತರವೇ.

'ಇದೆ' ಎಂಬ ಉತ್ತರದಂತೆ 'ಇಲ್ಲ' ಎಂಬ ಉತ್ತರವನ್ನೂ ಪ್ರಶ್ನಿಸಬೇಕು. ಫಾಸ್ಫೇಟಿನ ಮುದ್ರೆ ಬಹುಕಾಲ ನಿಲ್ಲುವುದಿಲ್ಲ; ಮಿದುಳನ್ನು ಸಂರಕ್ಷಿಸಲು ತಡವಾದರೆ ಕಿಣ್ವಗಳು ಅದನ್ನು ಕಳಚಿಬಿಡುತ್ತವೆ. ಆಗ ಸಂಕೇತ ಬಂದು ಹೋಗಿದ್ದರೂ ಸೀಳು ಕತ್ತಲಾಗಿಯೇ ಕಾಣುತ್ತದೆ. ರಕ್ತದ ಮಾತೂ ಹಾಗೆಯೇ. ಜ್ವರ ಬಂದ ಎರಡನೆಯ ದಿನ ಐಜಿಎಂ ಇನ್ನೂ ಹುಟ್ಟಿರದೇ ಇರಬಹುದು. ಅದಕ್ಕೇ ಆ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ, ನಂತರದ ದಿನಗಳಲ್ಲಿ ಎಲೈಸಾ. ಒಂದು ಬಾರಿ 'ಇಲ್ಲ' ಎಂದು ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಶಾಲೆಯಲ್ಲಿ ಗಂಜಿಯ ತಿಳಿಗೆ ಅಯೋಡಿನ್ ಹಾಕಿ ನೀಲಿ ಬಣ್ಣ ನೋಡುವ ಮಕ್ಕಳು, ಬರೀ ನೀರಿನ ಪ್ರನಾಳಕ್ಕೂ ಒಂದು ಹನಿ ಹಾಕಬೇಕೆಂದರೆ ಬೇಸರಪಡುವುದುಂಟು. ಏನೂ ಆಗದ ಪ್ರಯೋಗ ಯಾರಿಗೆ ಬೇಕು ಎಂಬ ಪ್ರಶ್ನೆ. ಆ ಬಣ್ಣ ಬಾರದ ಪ್ರನಾಳವೇ ಬಣ್ಣ ಬಂದ ಪ್ರನಾಳಕ್ಕೆ ಜಾಮೀನು. ಇನ್ನು ತಂದೆತಾಯಿಯರಿಗೆ ಉಳಿದದ್ದು ಎರಡೇ ಮಾತು. ರಕ್ತ ತೆಗೆಯುವಾಗ, ಜ್ವರ ಬಂದು ಎಷ್ಟು ದಿನವಾಯಿತು ಎಂಬುದನ್ನೂ, ಕಾಡಿಗೆ ಹೋಗಿದ್ದುಂಟೇ ಎಂಬುದನ್ನೂ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಸಾಕ್ಷಿಯ ಮಾತಿಗೆ ಬೆಲೆ ಬರುವುದು ಈ ಎರಡು ವಿವರಗಳಿಂದ.