ಹೆದ್ದಾರಿ ಬಿಡಿ, ಹೊಳೆಬದಿಯ ಮಣ್ಣುದಾರಿ ಹಿಡಿಯಿರಿ

ಫಜ್ರ್ ನಮಾಝ್ ಮುಗಿಯುವ ಹೊತ್ತಿಗೆ ನಿಮ್ಮ ಮಸೀದಿಯ ಅಂಗಳವನ್ನೊಮ್ಮೆ ನೋಡಿ. ಸಾಲಾಗಿ ಸ್ಕೂಟರ್, ಬೈಕುಗಳು. ಸೈಕಲ್ ಇದ್ದರೆ ಒಂದೋ ಎರಡೋ, ಅವೂ ವಯಸ್ಸಾದವರವು. ಅರ್ಧ ಕಿಲೋಮೀಟರ್ ದೂರದ ಮನೆಗೂ ನಮಗೆ ಪೆಟ್ರೋಲ್ ಬೇಕು. ಆಮೇಲೆ ಅದೇ ಜನ ಸಕ್ಕರೆಯ ರಿಪೋರ್ಟ್ ಹಿಡಿದುಕೊಂಡು ವೈದ್ಯರ ಮುಂದೆ ಕುಳಿತು, 'ಯಾವುದಾದರೂ ಒಳ್ಳೆಯ ಮಾಜೂನ್ ಕೊಡಿ' ಎನ್ನುತ್ತಾರೆ. ವ್ಯಾಯಾಮದ ಬದಲಿಗೆ ತಿನ್ನಬಹುದಾದ ಮಾಜೂನ್ ಯೂನಾನಿಯಲ್ಲಿ ಇಲ್ಲ. ಬೇರೆ ಯಾವ ವೈದ್ಯಪದ್ಧತಿಯಲ್ಲೂ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಕರಾವಳಿಯ ನಮ್ಮ ಮನೆಗಳ ಊಟ, ಮದುವೆ ಔತಣ, ದಿನಕ್ಕೆ ನಾಲ್ಕೈದು ಬಾರಿಯ ಸಿಹಿ ಚಹಾ, ಗಲ್ಫಿನಲ್ಲಿ ಅಂಗಡಿಯ ಗಲ್ಲಾದಲ್ಲಿ ಕುಳಿತೇ ಕಳೆದ ವರ್ಷಗಳು, ಇವೆಲ್ಲ ಸೇರಿದರೆ ಆ ಹೊಸ್ತಿಲು ದಾಟಲು ಬಹಳ ಕಾಲ ಬೇಕಾಗದು.

1025ರ ಸುಮಾರಿಗೆ ಇಬ್ನು ಸೀನಾ ಬರೆದು ಮುಗಿಸಿದ 'ಅಲ್ ಕಾನೂನ್ ಫಿತ್ತಿಬ್'ನಲ್ಲಿ ರಿಯಾಝತ್‌ಗೆ, ಅಂದರೆ ವ್ಯಾಯಾಮಕ್ಕೆ, ಪ್ರತ್ಯೇಕ ಅಧ್ಯಾಯಗಳೇ ಇವೆ. ಯೂನಾನಿ ವೈದ್ಯರು ಹೇಳುವ ಆರು ಅನಿವಾರ್ಯ ಕಾರಣಗಳಲ್ಲಿ (ಅಸ್ಬಾಬೆ ಸಿತ್ತಾ ಝರೂರಿಯಾ) ಗಾಳಿ ಒಂದು, ದೇಹದ ಚಲನೆ ಮತ್ತು ವಿಶ್ರಾಂತಿ ಇನ್ನೊಂದು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಮತ್ತೊಂದು. ಬೆಳಗಿನ ಗಾಳಿಯಲ್ಲಿ, ಹೊಳೆಯ ಬದಿಯಲ್ಲಿ ಸೈಕಲ್ ತುಳಿಯುವವನಿಗೆ ಈ ಮೂರೂ ಒಟ್ಟಿಗೆ ದೊರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಸಾಕು. ಮಂಡಿನೋವಿನಿಂದ ಹೆಚ್ಚು ನಡೆಯಲಾಗದವರಿಗೂ ಸೈಕಲ್ ಒಗ್ಗುತ್ತದೆ. ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಪೆಟ್ಟು ಕಡಿಮೆ.

'ಸೈಕಲ್ ತುಳಿಯಲು ಜಾಗ ಎಲ್ಲಿದೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಿರೂರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ಅಲ್ಲಿ ಸೈಕಲ್ ತುಳಿಯುವುದು ಜೀವದ ಜೊತೆ ಆಟ. ಮಕ್ಕಳನ್ನು ಅಲ್ಲಿಗೆ ಕಳುಹಿಸಬೇಡಿ ಎಂದೇ ನಾನೂ ಹೇಳುತ್ತೇನೆ. ಆದರೆ ಹೆದ್ದಾರಿಯೇ ನಮ್ಮೂರಲ್ಲ. ಪೇಟೆಯಿಂದ ಮೂಡುದಿಕ್ಕಿಗೆ ತಿರುಗಿ, ಕೊಂಕಣ ರೈಲಿನ ಹಳಿ ದಾಟಿ ತೂದಳ್ಳಿಯ ಕಡೆ ಹೋಗಿ ನೋಡಿ. ಮುಖ್ಯರಸ್ತೆಗೆ ಡಾಂಬರು, ಕಾಂಕ್ರೀಟು ಬಿದ್ದಿದ್ದರೂ ಅದರಿಂದ ಕವಲೊಡೆದು ಗದ್ದೆ, ತೋಟ, ಹೊಳೆಯ ದಂಡೆಗೆ ಇಳಿಯುವ ಕೆಂಪುಮಣ್ಣಿನ ದಾರಿಗಳು ಇನ್ನೂ ಉಳಿದಿವೆ. ಲಾರಿಯಿಲ್ಲ, ಹಾರ್ನಿಲ್ಲ.

ಇಂತಹ ದಾರಿಗಳಲ್ಲಿ ಸೈಕಲ್ ತುಳಿಯುವುದು ಹೊರದೇಶಗಳಲ್ಲಿ ಈಗ ದೊಡ್ಡ ಹವ್ಯಾಸ. ಅದನ್ನು ಗ್ರಾವೆಲ್ ಬೈಕಿಂಗ್ ಎನ್ನುತ್ತಾರೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ ಕೆಲವೇ ಮಂದಿಯಿಂದ ಆರಂಭವಾದ ಸುಮಾರು 320 ಕಿಲೋಮೀಟರ್‌ಗಳ ಜಲ್ಲಿದಾರಿಯ ಸ್ಪರ್ಧೆಗೆ ಈಗ ಸಾವಿರಾರು ಜನ ಬರುತ್ತಾರೆ. ಆ ಊರಿನವರು ಹೊಸ ದಾರಿ ಕಟ್ಟಲಿಲ್ಲ, ಇದ್ದ ಹಳ್ಳಿದಾರಿಗೇ ಬೆಲೆ ಕೊಟ್ಟರು. ನಮ್ಮ ಬಳಿಯೂ ದಾರಿ ಇದೆ, ಹೊಳೆ ಇದೆ, ಹಿಂದೆ ಘಟ್ಟವೂ ಇದೆ. ತುಳಿಯುವವರು ಮಾತ್ರ ಬೇಕು.

ಅದಕ್ಕಾಗಿ ಲಕ್ಷ ರೂಪಾಯಿಯ ಸೈಕಲ್ ಕೊಳ್ಳಲು ಹೋಗಬೇಡಿ. ಗ್ರಾವೆಲ್ ಬೈಕಿನ ಗುಟ್ಟು ಅದರ ಅಗಲವಾದ ಟಯರಿನಲ್ಲಿದೆ. ಸುಮಾರು 40 ಮಿಲಿಮೀಟರ್ ಅಗಲದ ಟಯರಿಗೆ ಗಾಳಿ ಸ್ವಲ್ಪ ಕಡಿಮೆ ತುಂಬಿಸಿದರೆ ಜಲ್ಲಿಯ ಮೇಲೆ ಜಾರುವುದಿಲ್ಲ, ಬೆನ್ನಿಗೆ ಹೊಡೆತ ಬೀಳುವುದಿಲ್ಲ. ಮನೆಯ ಮೂಲೆಯಲ್ಲಿ ಮಗ ಬಿಟ್ಟುಹೋದ ಗೇರ್ ಸೈಕಲ್ ಇದ್ದರೆ ಅದೇ ಸಾಕು. ಬ್ರೇಕು, ಚೈನು ಸರಿಮಾಡಿಸಿ, ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರುವಷ್ಟು ಸೀಟು ಎತ್ತರಿಸಿ, ಹೆಲ್ಮೆಟ್ ತನ್ನಿ.

ಹೆಣ್ಣುಮಕ್ಕಳ ವಿಷಯವನ್ನು ಬಿಡಿಸಿಯೇ ಹೇಳಬೇಕು. 2006-07ರಲ್ಲಿ ಆರಂಭವಾದ ಸರಕಾರದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ತರಗತಿಯ ಎಷ್ಟೋ ಹುಡುಗಿಯರು ಸೈಕಲ್ ಕಲಿತರು. ಮದುವೆಯಾದ ಮೇಲೆ ಎಷ್ಟು ಮಂದಿ ತುಳಿದರು? ಗಂಡನಿಗೆ ವಾಕಿಂಗ್ ಬೇಕು, ಹೆಂಡತಿಗೆ ಮಾತ್ರೆ ಸಾಕು ಎಂಬುದು ನಮ್ಮ ಮನೆಗಳ ಬರೆಯದ ಕಾನೂನು. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದನ್ನು ಹದೀಸ್ ತಿಳಿದ ಎಲ್ಲರೂ ಬಲ್ಲರು. ಪರ್ದಾ ಇಲ್ಲಿ ಅಡ್ಡಿಯಲ್ಲ, ಅಡ್ಡಿಯಾಗುವುದು ಚೈನು. ಬುರ್ಖಾದ ಅಂಚು ಚೈನಿಗೋ ಹಿಂದಿನ ಚಕ್ರಕ್ಕೋ ಸಿಕ್ಕಿದರೆ ಕೆಟ್ಟ ಪೆಟ್ಟಾಗುತ್ತದೆ. ಮುಂದಿನ ಅಡ್ಡಕಂಬಿಯಿಲ್ಲದ ಲೇಡೀಸ್ ಸೈಕಲ್ ಆರಿಸಿ, ಚೈನಿಗೆ ಪೂರ್ತಿ ಮುಚ್ಚಳ, ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿ. ಸಡಿಲ ಸಲ್ವಾರಿನ ಮೇಲೆ ಮಂಡಿಯವರೆಗಿನ ಕುರ್ತಾ, ಹಿಜಾಬ್ ಇದ್ದರೆ ಸಾಕು. ಮನೆಯವರೊಂದಿಗೆ, ನಾಲ್ಕೈದು ಹೆಂಗಸರ ಗುಂಪಾಗಿ ಹೊರಡಿ.

ಈಗ ಕೆಲವು ಎಚ್ಚರಿಕೆಗಳು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ಸಕ್ಕರೆ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಜೇಬಿನಲ್ಲಿ ಬೆಲ್ಲವೋ ಖರ್ಜೂರವೋ ಇರಲಿ. ಪಕ್ಕದವರೊಂದಿಗೆ ಮಾತನಾಡಲು ಉಸಿರು ಸಾಲದಿದ್ದರೆ ವೇಗ ಇಳಿಸಿ. ಎದೆಯಲ್ಲಿ ಬಿಗಿತ ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ, ಮನೆಮದ್ದು ಹುಡುಕಬೇಡಿ. ಹಾವು ಕಚ್ಚಿದರೂ ನಾಯಿ ಕಚ್ಚಿದರೂ ಆಸ್ಪತ್ರೆಯೇ ದಾರಿ, ನಮ್ಮಂಥವರ ದವಾಖಾನೆಯಲ್ಲ. ನಾಯಿ ಕಚ್ಚಿದ ಗಾಯವನ್ನು ಮೊದಲು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆಯಿರಿ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ದಾರಿಯಲ್ಲಿ ಉಣ್ಣೆಗಳ ಕಾಟ. ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. 1957ರಲ್ಲಿ ಅದು ಮೊದಲು ಕಂಡದ್ದು ಘಟ್ಟದ ಮೇಲಿನ ಸೊರಬದ ಕ್ಯಾಸನೂರಿನಲ್ಲಿ. ಮೈ ಮುಚ್ಚುವ ಬಟ್ಟೆ ತೊಡಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದವರು ಕೆಸರುನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ. ಇನ್ನು ಹೊಳೆ ತುಂಬಿದ ದಿನಗಳಲ್ಲಿ ಆ ಕಡೆ ಹೋಗಲೇಬೇಡಿ. 2022ರ ಆಗಸ್ಟಿನಲ್ಲಿ ನೆರೆ ಶಿರೂರಿನ ಮನೆ, ದೋಣಿಗಳನ್ನು ಏನು ಮಾಡಿತೆಂದು ನೀವೇ ನೋಡಿದ್ದೀರಿ.

ಅದೇ ತಿಂಗಳು ನಮ್ಮ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ನಾವು ಆರೋಗ್ಯಕ್ಕಾಗಿ ಹಿಡಿಯುವ ದಾರಿಯೇ ಮೂಡುಭಾಗದ ಮಕ್ಕಳಿಗೆ ಶಾಲೆಯ ದಾರಿ. ಜಮಾಅತ್ ಸಮಿತಿಗಳು ಗ್ರಾಮ ಪಂಚಾಯತಿಗೆ ಒಂದು ಮನವಿ ಕೊಡಲಿ: ಮಣ್ಣುದಾರಿಯ ಗುಂಡಿ ತುಂಬಿಸಿ, ಚರಂಡಿ ಬಿಡಿಸಿ, ಪ್ರತಿ ಕಾಲುಸಂಕಕ್ಕೂ ಕೈಹಿಡಿ ಹಾಕಿಸಿ ಎಂದು. ಆಂಬುಲೆನ್ಸ್ ಹೋಗಬೇಕಾದಲ್ಲಿ ಕಾಂಕ್ರೀಟು ಬೀಳಲಿ, ಹೊಳೆದಂಡೆಯ ದಾರಿ ಮಣ್ಣಾಗಿಯೇ ಉಳಿಯಲಿ.

ಆ ಕಡೆಯ ಕೃಷಿಕರು ಬಹುಪಾಲು ಬೇರೆ ಸಮುದಾಯದವರು. ಕಾರಿನ ಗಾಜು ಏರಿಸಿ ಹೋಗುವವರ ಮುಖ ಅವರಿಗೆ ಕಾಣದು. ಸೈಕಲಿನವನನ್ನು 'ಎಲ್ಲಿಗೆ ಹೊರಟ್ರಿ?' ಎಂದು ಮಾತನಾಡಿಸುತ್ತಾರೆ. ಉತ್ತರ ಕೊಡಿ, ನಿಲ್ಲಿ, ಬಾವಿಯ ನೀರು ಕೊಟ್ಟರೆ ಕುಡಿಯಿರಿ. ತೋಟದೊಳಗಿನ ದಾರಿಯಾದರೆ ಕೇಳಿಯೇ ದಾಟಿ, ತೆಗೆದ ಗೇಟು ಮುಚ್ಚಿ, ಒಂದು ಚಿಪ್ಸ್ ಪೊಟ್ಟಣವೂ ಅಲ್ಲಿ ಬೀಳದಿರಲಿ. ದಾರಿಯ ಮೇಲಿನ ಅಡಚಣೆ ತೆಗೆಯುವುದನ್ನು ಪ್ರವಾದಿ(ಸ)ರು ಈಮಾನಿನ ಭಾಗವೆಂದೇ ಕಲಿಸಿದ್ದಾರೆ. ಬಿದ್ದ ಮುಳ್ಳಿನ ಕೊಂಬೆ ಕಂಡರೆ ಇಳಿದು ಬದಿಗೆ ಸರಿಸಿ.

ಬರುವ ಜುಮಾ ದಿನ ಫಜ್ರ್ ಮುಗಿದ ಮೇಲೆ ಸ್ಕೂಟರಿನ ಕೀಲಿ ಮನೆಯಲ್ಲೇ ಇರಲಿ. ಅರ್ಧ ಗಂಟೆ ಮೂಡಕ್ಕೆ ಹೋಗಿ ಬನ್ನಿ. ಜೊತೆಗೆ ಮನೆಯ ಒಬ್ಬರನ್ನಾದರೂ ಕರೆದುಕೊಂಡು ಹೋಗಿ.